ಎರಡನೆಯ ಬರೆ

"ಈ ನಾಯಿಗಲ್ಲ, ಬರಿ ಹಾಕಿದಾಂವನ ಕೈಗೆ ಹಾಕಬೇಕಾಗಿತ್ತು. ಆವಾಗ ತಿಳೀತಿತ್ತು ಅವಗ."

ಡಾಕ್ಟರ್ ಸುನಂದಾ ಈ ಮಾತನ್ನು ಒದರಿ ಹೇಳಲಿಲ್ಲ. ಒದರಿದ್ದರೆ ಕಾಂತುವಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಕೈಗವಸು ಕಳಚಿ ಬಕೆಟ್ಟಿಗೆ ಹಾಕುತ್ತ, ಅಕ್ಕಿಯಲ್ಲಿ ಹರಳಿದೆ ಎನ್ನುವವರ ಹಾಗೆ ತಣ್ಣಗೆ ಹೇಳಿದರು. ಬಸವನ ಬಾಗೇವಾಡಿಯಲ್ಲಿ ಅವರ ದವಾಖಾನೆ ಅಂದರೆ ಮನೆಯ ಮುಂದೆ ಇಳಿಬಿಟ್ಟ ತಗಡಿನ ಛಪ್ಪರ, ಒಂದು ಕಲ್ಲಿನ ಕಟ್ಟೆ, ಎರಡು ಬೆಂಚು. ಸಂತೆಯ ದಿನವಾದ್ದರಿಂದ ಬೆಂಚು ತುಂಬಿ ಮಂದಿ ಅಂಗಳಕ್ಕೂ ಇಳಿದಿದ್ದರು. ಎಲ್ಲರ ಕಿವಿಗೂ ಮಾತು ಬಿತ್ತು. ಎಮ್ಮೆ ಹಿಡಿದವನೊಬ್ಬ ಮೀಸೆಯೊಳಗೇ ನಕ್ಕ. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದ ಮುದುಕಿ ಕಾಂತುವನ್ನು ಕಾಲಿನಿಂದ ತಲೆಯ ತನಕ ನೋಡಿ, "ಅಯ್ಯ ನಮ್ಮವ್ವ, ಇಂವ ಗೊಳಸಂಗಿ ಅಮಸಿದ್ದನ ಮಗಾ ಅಲ್ಲೇನು? ಇವರ ಮನಿತನದಾಗ ಬರಿ ಹಾಕೂದ ಕಸಬು" ಎಂದು ಗೊತ್ತಿಲ್ಲದವರಿಗೂ ಗುರುತು ಹಿಡಿದುಕೊಟ್ಟಳು.

ಒಂದು ಗಳಿಗೆ ಮೊದಲು, ಈ ಬರೆ ಯಾರು ಹಾಕಿದ್ದು ಎಂದು ಡಾಕ್ಟರು ಕೇಳಿದಾಗ ಕಾಂತು ಎದೆ ಮುಂದೆ ಮಾಡಿ "ನಾನ ಹಾಕೇನ್ರಿ" ಎಂದಿದ್ದ. ನಾಯಿಯ ಎಡದೊಡೆಯ ಮೇಲೆ ಮೂರು ಗೆರೆ, ಒಂದಕ್ಕೊಂದು ಎರಡು ಬೆರಳ ಅಂತರ, ಹೆಚ್ಚಿಲ್ಲ ಕಮ್ಮಿಯಿಲ್ಲ. ಕೆಂಪಗೆ ಕಾಯ್ದ ಕಬ್ಬಿಣವನ್ನು ಇಷ್ಟು ನೆಟ್ಟಗೆ ಎಳೆಯುವ ಕೈ ಮಸೂತಿ ಊರಿನ ತನಕ ಇನ್ನೊಂದಿಲ್ಲ ಎಂದು ಅಪ್ಪನೇ ಒಪ್ಪಿದ್ದ. ಡಾಕ್ಟರು ಅದನ್ನು ನೋಡಿ ಒಂದು ಸಲ ತಲೆಯಾದರೂ ತೂಗಿಯಾರು ಎಂದುಕೊಂಡಿದ್ದ ಈ ಹುಚ್ಚ.

ಕಾಂತುವಿಗೆ ಇಪ್ಪತ್ತೊಂದು ವರ್ಷ. ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರಲ್ಲ, ಇವನಿಗೆ ಅಲ್ಲಿಂದಲೂ ಒಂದು ಗೇಣು ಮುಂದೆಯೇ ಇತ್ತು. ಏಳನೆಯ ಇಯತ್ತೆಯಲ್ಲಿ ಮಾಸ್ತರರು ಎಲ್ಲ ಹುಡುಗರ ಎದುರು "ಕುರಿ ಕಾಯಾವಗ ಗಣಿತ ಯಾಕೋ" ಎಂದದ್ದಕ್ಕೆ ಪಾಟಿಚೀಲವನ್ನು ಸಾಲೆಯ ಬಾವಿಗೆ ಒಗೆದು ಬಂದವನು ಮತ್ತೆ ಆ ಕಡೆ ಮುಖ ಹಾಕಿರಲಿಲ್ಲ. ಈಗಲೂ ಅವನ ಕುತ್ತಿಗೆಯ ನರ ಸೆಟೆದು ನಿಂತವು. ನಾಯಿ ಸತ್ತರೂ ಸಾಯಲಿ, ಈ ಮಾತು ಕೇಳಿಕೊಂಡು ನಿಲ್ಲುವವನು ತಾನಲ್ಲ ಎಂದು ಕಟ್ಟೆಯ ಮೇಲಿಂದ ಅದನ್ನು ಎತ್ತಿಕೊಳ್ಳಲು ಬಗ್ಗಿದ.

ನಾಯಿ ನಿದ್ದೆ ಹೋಗಿತ್ತು.

ಬಂದ ಕೂಡಲೇ ಡಾಕ್ಟರು ಅದಕ್ಕೊಂದು ಸೂಜಿ ಚುಚ್ಚಿ, ಅರ್ಧ ತಾಸು ಬಿಟ್ಟು ನೋಡುತ್ತೇನೆ ಎಂದು ಉಳಿದವರ ದನಕರುಗಳ ಕಡೆ ಹೋಗಿದ್ದರು. ಆಮೇಲೆ ಬಂದು ಬೆನ್ನು ತಡವಿ, ಕಾಲು ಮಡಚಿ, ಚಿಮಟಿಗೆಯಿಂದ ಹಿಂಗಾಲಿನ ಬೆರಳು ಹಿಚುಕಿ ನೋಡಿದ್ದರು. ಅಷ್ಟರಲ್ಲೇ ಅದು ತೂಕಡಿಸತೊಡಗಿತ್ತು. ಈಗ ಅದರ ಉದ್ದನೆಯ ಮೂತಿ ಗೋಣಿಚೀಲದ ಮೇಲೆ ಭಾರವಾಗಿ ಬಿದ್ದಿತ್ತು; ಹೊಟ್ಟೆ ಏರಿ ಇಳಿಯುತ್ತಿತ್ತು. ಎತ್ತಲು ಚಾಚಿದ ಕಾಂತುವಿನ ಕೈ ಹಾಗೇ ನಿಂತಿತು.

"ಎಬ್ಬಸಬ್ಯಾಡ" ಎಂದರು ಡಾಕ್ಟರು. "ಎಷ್ಟ ದಿನ ಆತು ಅದು ನಿದ್ದಿ ಮಾಡಿ?"

"ರಾತ್ರಿ ಎಲ್ಲಾ ಎಚ್ಚರ ಕುಂತಿರತೈತ್ರಿ. ಕುರಿ ಕಾಯೂ ನಾಯಿ ಅದು."

"ಕಾಯಾಕತ್ತಿಲ್ಲೋ ಅದು. ಮಲಗಿದರ ಬ್ಯಾನಿ ತಡೀವಲ್ದು, ಅದಕ್ಕ ಕುಂಡರತೈತಿ."

"ನಮ್ಮ ನಾಯಿಗೆ ಬ್ಯಾನಿ ಇಲ್ರಿ. ಬರಿ ಹಾಕಿದಾಗ ಸುದ್ದಾ ಕುಂಯ್ ಅಂದಿಲ್ಲ."

"ಬಾಯಿ ಬಿಡಲಿಲ್ಲ ಅಂದ್ರ ಬ್ಯಾನಿ ಇಲ್ಲ ಅಂತ ಯಾರು ಹೇಳಿದ್ರು ನಿನಗ?"

ಒಂಬತ್ತು ದಿನದಿಂದ ಹಟ್ಟಿಯ ಮುಂದೆ ಮುಂಗಾಲು ಊರಿ, ಕತ್ತಲೆಯನ್ನು ನೋಡುತ್ತ ಕೂತಿರುತ್ತಿದ್ದ ನಾಯಿಯನ್ನು ಕಂಡು, ನಡು ಬಿದ್ದರೂ ಕೆಲಸ ಬಿಡಲಿಲ್ಲ ನೋಡು ಎಂದು ಅವನು ಹೆಮ್ಮೆಪಟ್ಟಿದ್ದ.

ನಾಯಿಯ ಹೆಸರು ಚಿಗರಿ. ತೆಳ್ಳನೆಯ ನಡು, ಉದ್ದ ಕಾಲು, ಓಡಿದರೆ ಚಿಗರಿಯೇ. ಎರಡು ವರ್ಷದ ಹಿಂದೆ ಹಿಂಡಿಗೆ ಬಿದ್ದ ತೋಳವನ್ನು ಒಬ್ಬಳೇ ಹಳ್ಳದ ತನಕ ಅಟ್ಟಿಸಿಕೊಂಡು ಹೋಗಿ, ಕಿವಿ ಹರಿಸಿಕೊಂಡು ಬಂದವಳು. ಹಿಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಅವಳ ನಡುವಿಗೆ ಬಡಿದಿತ್ತು. ಎದ್ದು ಬಂದಳು, ಆದರೆ ಎಡಗಾಲು ಎಳೆಯುತ್ತಿದ್ದಳು. ಕುಂಟುವ ಪ್ರಾಣಿಗೆ ಅಮಸಿದ್ದನ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದೇ ಮದ್ದು: ಅಮಾವಾಸ್ಯೆಯ ದಿನ, ಕುಂಟುವ ಕಾಲಿಗೆ ಬರೆ. ಹಾಕಿದ ಮೇಲೆ ಚಿಗರಿ ನಾಲ್ಕು ದಿನ ಆ ಕಾಲನ್ನು ಊರಿ ನಡೆದಳು. ಬರೆ ಹಿಡಿಯಿತು ಎಂದು ಅಪ್ಪ ಅವಳನ್ನು ಹಿಂಡಿನ ಜೊತೆ ಮಸೂತಿಯ ಹೊಲಗಳಿಗೆ ಹೊಡೆದುಕೊಂಡು ಹೋದ. ಐದನೆಯ ದಿನ ಹಿಂಗಾಲು ಎರಡೂ ಬಿದ್ದುಹೋದವು.

ಡಾಕ್ಟರು ಬಿಡಿಸಿ ಹೇಳಿದ್ದು ಇದು: ಏಟು ಬಿದ್ದದ್ದು ಕಾಲಿಗಲ್ಲ, ನಡುವಿಗೆ. ಎಲುಬು ಮುರಿದಿಲ್ಲ, ನರ ಜಜ್ಜಿದೆ. ಬರೆಯ ಉರಿಯಲ್ಲಿ ನಡುವಿನ ನೋವು ಮರೆತು ಪ್ರಾಣಿ ನಾಲ್ಕು ದಿನ ಕಾಲು ಊರಿದೆ. ಬಿದ್ದುಕೊಂಡು ಸುಧಾರಿಸಬೇಕಾದ ಆ ನಾಲ್ಕು ದಿನ ಹರದಾರಿಗಟ್ಟಲೆ ನಡೆದು ಇನ್ನಷ್ಟು ಕೆಡಿಸಿಕೊಂಡಿದೆ. ಬೆರಳು ಹಿಚುಕಿದಾಗ ಅವಳು ಕಾಲು ಎಳೆದುಕೊಳ್ಳಲಿಲ್ಲ ನಿಜ, ಆದರೆ ಕಣ್ಣು ಮಿಸುಕಿತು. ಅಂದರೆ ಸುದ್ದಿ ಇನ್ನೂ ಮೇಲಕ್ಕೆ ಮುಟ್ಟುತ್ತಿದೆ. ಮುಟ್ಟುವ ತನಕ ಆಸೆ ಉಂಟು.

ಆಮೇಲೆ ಮಾಡಬೇಕಾದ್ದನ್ನು ಹೇಳಿದರು. ಗುಳಿಗೆ ದಿನಕ್ಕೊಂದು, ರೊಟ್ಟಿ ತಿಂದ ಮೇಲೆ. ಮನುಷ್ಯರ ಮೊಣಕಾಲು ಬೇನೆಯ ಗುಳಿಗೆ ತಪ್ಪಿಯೂ ಕೊಡಬಾರದು, ಕರುಳು ಹುಣ್ಣಾಗಿ ಸಾಯುತ್ತದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ನಡುವಿಗೆ ಶಾಖ, ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿಕೊಂಡು. ಮೆತ್ತನೆಯ ಬಟ್ಟೆಯನ್ನು ಹೊಟ್ಟೆಯ ಕೆಳಗೆ ಹಾಯಿಸಿ, ತೊಟ್ಟಿಲಿನ ಹಾಗೆ ಎತ್ತಿಹಿಡಿದು, ಕಾಲು ನೆಲಕ್ಕೆ ತಾಗಿಸುತ್ತ ನಾಲ್ಕೇ ಹೆಜ್ಜೆ ಹಾಕಿಸಬೇಕು. ನೀರಿನಲ್ಲಿ ಈಜಿಸಿದರೆ ಎಲ್ಲಕ್ಕಿಂತ ಚಲೋ, ಆದರೆ ಬರೆಯ ಗಾಯ ಒಣಗುವ ತನಕ ನೀರು ಕೂಡದು. ಇದನ್ನು ಹೇಳುವಾಗ ಅವರು ಮತ್ತೊಮ್ಮೆ ಆ ಮೂರು ಗೆರೆಗಳ ಕಡೆ ನೋಡಿದರು. ಏನಾದರೂ ಅಂದಿದ್ದರೆ ತಿರುಗಿ ಅನ್ನಲು ಕಾಂತುವಿನ ನಾಲಿಗೆ ತುರಿಸುತ್ತಿತ್ತು.

ಗೊಳಸಂಗಿಯ ಟೆಂಪೋದಲ್ಲಿ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವನಿಗೆ ದಾರಿಯುದ್ದಕ್ಕೂ ಆಡಬೇಕಾಗಿದ್ದ ಮಾತುಗಳೆಲ್ಲ ಒಂದೊಂದೇ ಹೊಳೆದವು. ನೀವು ಪುಸ್ತಕ ಓದಿದವರು, ನಾವು ಪ್ರಾಣಿ ಸಾಕಿದವರು ಎನ್ನಬೇಕಾಗಿತ್ತು. ನಮ್ಮ ಅಜ್ಜನ ಬರೆಯಿಂದ ಎದ್ದ ಎತ್ತುಗಳ ಲೆಕ್ಕ ಹೇಳಬೇಕಾಗಿತ್ತು. ಇದೇ ನಾಯಿಯನ್ನು ನಡೆಸಿಕೊಂಡು, ಇದೇ ಸಂತೆಯ ದಿನ, ಅದೇ ಮಂದಿಯ ಎದುರು ಒಯ್ದು ನಿಲ್ಲಿಸದಿದ್ದರೆ ತನ್ನ ಹೆಸರು ಕಾಂತು ಅಲ್ಲ ಎಂದು ಹಲ್ಲು ಕಡಿದ. ಮೊದಲ ದಿನ ಅವನು ಉಪ್ಪು ಹುರಿದದ್ದು ನಾಯಿಯ ಮೇಲಿನ ಮಮತೆಗಲ್ಲ, ಆ ಹೆಣ್ಣುಮಗಳ ಮೇಲಿನ ಹಟಕ್ಕೆ.

ಮರುದಿನ ಸಂಜೆ ಅಮಸಿದ್ದ ಹಿಂಡು ಬಿಟ್ಟು ಮನೆಗೆ ಬಂದ. ಮಾತು ಕಮ್ಮಿಯ ಮನುಷ್ಯ. ಗೂಡಿನಲ್ಲಿಟ್ಟ ಗುಳಿಗೆಯ ಚೀಟಿಯನ್ನು ತಿರುಗಿಸಿ ನೋಡಿದ, ಮೂಸಿದ, ಅಲ್ಲೇ ಇಟ್ಟ. ಚಿಗರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಹರಿದ ಕಿವಿಯನ್ನು ಬಹಳ ಹೊತ್ತು ನೀವಿದ. ಕಟುಕನಲ್ಲ ಅಮಸಿದ್ದ. ಸತ್ತ ಕುರಿಮರಿಗೆ ಕಣ್ಣೀರು ಹಾಕುವವನು. ಆದರೆ ತನ್ನ ಕಬ್ಬಿಣದ ಮೇಲೆ ಅವನಿಗಿದ್ದ ನಂಬಿಗೆ ಬಂಡೆಯಂಥದು. ಮೊದಲ ಬರೆ ಹಿಡಿಯದಿದ್ದರೆ ಮುಂದಿನ ಅಮಾವಾಸ್ಯೆಗೆ ಕತ್ತರಿ ಬರೆ: ನಡುವಿನ ಮೇಲೆ ಅಡ್ಡ ಎರಡು ಗೆರೆ, ಒಂದರ ಮೇಲೊಂದು. ಅವನ ಅಪ್ಪ ಹಾಗೇ ಮಾಡುತ್ತಿದ್ದ, ಅವನೂ ಹಾಗೇ.

"ಅಮಾಸಿ ತನಾ ನಿಂದು" ಎಂದು ಎದ್ದು ನಿಂತ. "ಅಮಾಸಿಗೆ ನಂದು."

ಹದಿನೈದು ದಿನ ಉಳಿದಿದ್ದವು.

ಕತ್ತರಿ ಬರೆಯನ್ನು ಕಾಂತು ಒಮ್ಮೆ ನೋಡಿದ್ದ. ಸಾಲೋಟಗಿ ಕಡೆಯಿಂದ ಯಾರೋ ತಂದ ಎತ್ತು. ಎತ್ತು ಬದುಕಿತು, ಹೂಡಲಿಕ್ಕೂ ಬಂತು. ಆದರೆ ಅಲ್ಲಿಂದ ಮುಂದೆ ಬೆನ್ನಿನ ಮೇಲೆ ನೊಣ ಕೂತರೂ ನೆಲಕ್ಕೆ ಬಾಗುತ್ತಿತ್ತಂತೆ. ಆಗ ಅವನು ಅದನ್ನು ಕೇಳಿ ನಕ್ಕಿದ್ದ. ಈಗ ರೊಟ್ಟಿ ತಿನ್ನುವಾಗ, ಉಪ್ಪು ಹುರಿಯುವಾಗ, ಆ ಎತ್ತು ಸುಮ್ಮಸುಮ್ಮನೆ ನೆನಪಾಗುತ್ತಿತ್ತು. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಚುಕಿಕೊಳ್ಳುತ್ತಿದ್ದ. ಅಲ್ಲೊಂದು ಹಳೆಯ ಬರೆಯಿತ್ತು, ಹುಣಸೆಬೀಜದಷ್ಟು ಅಗಲ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಚರ್ಮ. ಏಳು ವರ್ಷದವನಿದ್ದಾಗ ಕಾಮಾಲೆಗೆ ಅಪ್ಪ ಹಾಕಿದ್ದು. ಹುಡುಗ ಹೂಂ ಹಾಂ ಅನ್ನದೆ ಕೂತನೆಂದು ಅಪ್ಪ ಅವತ್ತು ಓಣಿಗೆಲ್ಲ ಬೆಲ್ಲ ಹಂಚಿದ್ದ. ಆ ಬೆಲ್ಲದ ಸಂಭ್ರಮದಲ್ಲಿ, ಹೇಗಿದೆ ಮಗನೇ ಎಂದು ಯಾರೂ ಕೇಳಿರಲಿಲ್ಲ.

ತಾಯಿ ರೇವವ್ವ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ತಂದು, ನಾಲ್ಕು ಮಡಿಕೆ ಮಾಡಿ, ಕಂಬಳಿ ಚುಚ್ಚತೈತಿ ಎಂದಷ್ಟೇ ಹೇಳಿ ಮಗನ ಮುಂದೆ ಇಟ್ಟು ಹೋದಳು.

ನಾಲ್ಕು ದಿನ ಡಾಕ್ಟರು ಹೇಳಿದ್ದನ್ನೆಲ್ಲ ಕಾಂತು ಮಾಡಿದ. ಐದನೆಯ ದಿನ ಅವನಿಗೆ ತಡೆಯಲಾಗಲಿಲ್ಲ. ದಿನಗಳು ಉರುಳುತ್ತಿದ್ದವು, ನಾಯಿ ಮಾತ್ರ ಇದ್ದಲ್ಲೇ ಇತ್ತು. ನಾಲ್ಕು ಹೆಜ್ಜೆ ಸಾಕು ಎಂದು ಡಾಕ್ಟರು ಹೇಳಿದ್ದರೆ, ನಲವತ್ತು ಹಾಕಿಸಿದರೆ ಹತ್ತು ಪಟ್ಟು ಬೇಗ ಏಳಬೇಕಲ್ಲ ಎಂಬ ಗಣಿತ ಇವನದು. ಸೀರೆಯ ಎರಡೂ ತುದಿ ಮುಷ್ಟಿಯಲ್ಲಿ ಬಿಗಿಹಿಡಿದು, ಬಿಸಿಲೇರುವ ಹೊತ್ತಿಗೆ, ಊರ ಹೊರಗಿನ ನಿಂಬೆಯ ತೋಟದ ಬದುವಿನುದ್ದಕ್ಕೂ ಎಳೆದುಕೊಂಡು ಹೊರಟ. ಚಿಗರಿಯ ಮುಂಗಾಲು ಓಡುತ್ತಿದ್ದವು, ಹಿಂಗಾಲಿನ ಉಗುರು ಮಣ್ಣಿನಲ್ಲಿ ಗೆರೆ ಕೊರೆಯುತ್ತಿದ್ದವು. ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲವಾದ್ದರಿಂದ ಇವನೂ ನಿಲ್ಲಿಸಲಿಲ್ಲ.

"ಲೇ ಕಾಂತ್ಯಾ, ನಾಯಿ ನಡಸಾಕತ್ತೀಯೋ, ಕಳ್ಳನ್ನ ಹಿಡಕೊಂಡ ಪೊಲೀಸ ಠಾಣೆಕ್ಕ ಹೊಂಟೀಯೋ?"

ತೋಟದ ಕಾವಲಿನ ಕುತುಬುದ್ದೀನ ಕಾಕಾ. ಟೆಂಪೋಗಳು ಬರುವ ಮುಂಚೆ ಬಾಗೇವಾಡಿಯಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಕುದುರೆ ಹೋದ ಮೇಲೆ ಈ ತೋಟದ ಗುಡಿಸಲಿಗೆ ಬಂದು ಬಿದ್ದಿದ್ದ. ಅವನದೂ ಒಂದು ಮೊಣಕಾಲು ಬಗ್ಗುತ್ತಿರಲಿಲ್ಲ. ಆ ಕಾಲನ್ನು ಮುಂದೆ ಚಾಚಿ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ್ದ. ನಿನ್ನ ಕೆಲಸ ನೀ ನೋಡು ಎಂದು ಕಾಂತು ಗದರಿದ. ಮುದುಕ ಹೊಗೆ ಬಿಟ್ಟು, ನೋಡುವುದೇ ತನ್ನ ಕೆಲಸ, ಅದಕ್ಕೇ ತನ್ನನ್ನು ಇಲ್ಲಿ ಕೂರಿಸಿದ್ದಾರೆ ಎಂದ. ಆಮೇಲೆ ಬೀಡಿಯ ತುದಿಯಿಂದ ಚಿಗರಿಯ ಕಡೆ ತೋರಿಸಿ, "ಆಕಿ ಮಾರಿ ನೋಡೀಯೇನು?" ಎಂದು ಕೇಳಿದ.

ಕಾಂತು ಆಗ ನೋಡಿದ. ಅವಳ ಕಿವಿ ಎರಡೂ ಹಿಂದಕ್ಕೆ, ತಲೆಬುರುಡೆಗೆ ಅಂಟಿದ್ದವು. ನೆರಳಿಗೆ ಬಂದಿದ್ದರೂ ಒಂದೇ ಸಮನೆ ತೇಕುತ್ತಿದ್ದಳು. ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿದ್ದಳು, ಎದುರಿಗೆ ತಿನ್ನಲಿಕ್ಕೆ ಏನೂ ಇರದಿದ್ದರೂ. ಇವನ ಕಡೆ ನೋಡದೆ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಬೇನೆಯ ಈ ಗುರುತುಗಳನ್ನೆಲ್ಲ ಡಾಕ್ಟರು ಹೇಳಿದ್ದರು, ಒಂದೊಂದಾಗಿ. ಆ ಹೊತ್ತಿಗೆ ಇವನ ಕಿವಿಯಲ್ಲಿ ಬರೀ ಕೋಳಿಬುಟ್ಟಿಯ ಮುದುಕಿಯ ಮಾತು ಗುಂಯ್‌ಗುಡುತ್ತಿತ್ತು. ಡಾಕ್ಟರ ಮಾತು ಒಳಗೆ ಇಳಿದೇ ಇರಲಿಲ್ಲ.

ಸೀರೆ ಸಡಿಲು ಬಿಟ್ಟ. ಚಿಗರಿ ಕುಸಿದಳು. ಬಲಗಾಲಿನ ಎರಡು ಉಗುರುಗಳಿಂದ ರಕ್ತ ಬಂದಿತ್ತು.

ಅವತ್ತು ಮತ್ತು ಮರುದಿನ ಅವಳು ರೊಟ್ಟಿ ಮುಟ್ಟಲಿಲ್ಲ. ಮಲಗದೆ ಮತ್ತೆ ಮುಂಗಾಲು ಊರಿ ಕೂತಳು. ಹಾಗೆ ಕೂತ ನಾಯಿಯ ಪಕ್ಕ ಇವನೂ ಕೂತ. ಈಗ ಅದು ಕಾವಲಲ್ಲ ಎಂದು ಗೊತ್ತಿದ್ದುದರಿಂದ ನೋಡುವುದು ಕಷ್ಟವಾಗಿತ್ತು. ಎದ್ದು ಅಂಗಳದ ತುದಿಗೆ ಹೋಗುವನು, ಒಂದು ಕಲ್ಲು ಎತ್ತಿ ಕತ್ತಾಳೆಯ ಮೆಳೆಗೆ ಬೀರುವನು, ಮತ್ತೆ ಬಂದು ಕೂರುವನು. ಗುಳಿಗೆಯೂ ಮುಗಿದಿದ್ದವು. ಅವುಗಳಿಗಾಗಿ ಬಾಗೇವಾಡಿಗೆ ಹೋಗಲೇಬೇಕು. ಹೋಗಬೇಕಾದದ್ದು ಅದೇ ಛಪ್ಪರಕ್ಕೆ.

ಹೋದ. ಛಪ್ಪರದ ಹೊರಗೆ ಎಸ್‌ಟಿಡಿ ಅಂಗಡಿಯ ಗೋಡೆಗೆ ಒರಗಿ ಒಂದು ತಾಸು ನಿಂತ. ಮಂದಿ ಕರಗುವ ತನಕ ಒಳಗೆ ಕಾಲಿಡಲಿಲ್ಲ. ಕಡೆಗೆ ಡಾಕ್ಟರೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಾಯಿ ಎಲ್ಲಿ ಎಂದರು. ಏನು ಮಾಡಿದೆ ಎಂದು ಹೇಳಿದರೆ ಇನ್ನೊಂದು ಬೈಗುಳ ಕಾದಿದೆ ಎಂದು ಗೊತ್ತಿದ್ದರೂ ಕಾಂತು ಒಂದನ್ನೂ ಮುಚ್ಚಿಡಲಿಲ್ಲ. ನಲವತ್ತು ಹೆಜ್ಜೆ, ರಕ್ತ, ಬಿಟ್ಟ ರೊಟ್ಟಿ. ಕಿವಿ ಹೇಗಿದ್ದವು, ಎಷ್ಟು ಸಲ ತುಟಿ ನೆಕ್ಕಿದಳು, ಯಾವ ಮಗ್ಗುಲಿಗೆ ಹಾಕಿದರೆ ತಕ್ಷಣ ಏಳಲು ನೋಡುತ್ತಾಳೆ, ಎಲ್ಲಿ ಮುಟ್ಟಿದರೆ ಚರ್ಮ ನಡುಗುತ್ತದೆ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಎರಡು ದಿನ ಪೂರಾ ಬಿಡುವು ಕೊಟ್ಟು, ಮತ್ತೆ ಎರಡೇ ಹೆಜ್ಜೆಯಿಂದ ಶುರು ಮಾಡಲು ಹೇಳಿದರು. ಬರೆ ಹೇಗಿದೆ ಎಂದರು. ಒಣಗಿ ಹೊಪ್ಪಳಿಕೆ ಉದುರಿದೆ ಎಂದ. ಹಾಗಿದ್ದರೆ ನೀರಿಗೆ ಇಳಿಸು ಎಂದರು.

ಗುಳಿಗೆ ಕಟ್ಟಿಕೊಡುತ್ತ, ಮುಖ ಎತ್ತದೆ, ಅವರೇ ತೆಗೆದರು ಮಾತು: "ತಮ್ಮಾ, ಬರಿ ಬಗ್ಗೆ ನಾ ಅವತ್ತ ಹೇಳಿದ್ದು ತಪ್ಪಲ್ಲ. ಅಷ್ಟ ಮಂದಿ ಮುಂದ ಹೇಳಿದ್ದು ತಪ್ಪು."

ಕಾಂತು ಏಳು ದಿನದಿಂದ ಕಟ್ಟಿ, ಅರೆದು, ಮಸೆದು ಇಟ್ಟುಕೊಂಡಿದ್ದ ಮಾತುಗಳೆಲ್ಲ ಒಂದೇ ಏಟಿಗೆ ಕೆಲಸವಿಲ್ಲದವಾದವು. ಗುಳಿಗೆ ಕಿಸೆಗೆ ಹಾಕಿಕೊಂಡು "ಹೂಂನ್ರಿ" ಎಂದ. ಟೆಂಪೋದಲ್ಲಿ ಕೂತ ಮೇಲೆ ನೋಡಿಕೊಂಡರೆ ಅವರ ಮೇಲಿನ ಸಿಟ್ಟು ಇರಲಿಲ್ಲ. ಆದರೆ ಸಿಟ್ಟು ಹೋಗಿರಲಿಲ್ಲ. ಅದು ಎಲ್ಲಿಗೆ ಹೋಗಿ ಕೂತಿತು, ಯಾರ ಮೇಲೆ, ಅವನಿಗೆ ತಿಳಿಯಲಿಲ್ಲ. ಮಣಿಕಟ್ಟು ಮಾತ್ರ ತುರಿಸುತ್ತಿತ್ತು.

ನಿಂಬೆ ತೋಟದಲ್ಲಿ ಇಳಿಯಲು ಪಾವಟಿಗೆ ಇರುವ ಹಳೆಯ ಬಾವಿಯೊಂದಿತ್ತು. ಬಾಯಿಬಿಟ್ಟು ಕೇಳುವ ಮೊದಲೇ ಕುತುಬುದ್ದೀನ ಕಾಕಾ, ಈ ನೀರು ಯಾರೂ ಕುಡಿಯುವುದಿಲ್ಲ, ಇಳಿಸು, ನಾನಂತೂ ಈ ಕಾಲಲ್ಲಿ ಇಳಿದು ಬಂದು ತಡೆಯುವುದಿಲ್ಲ ಎಂದ. ಬಾವಿಗೆ ಇಳಿಸುವ ಮೊದಲು ಬದುವಿನ ಮೇಲೆ ಅವಳನ್ನು ಮಲಗಿಸಿಕೊಂಡು, ಕುದುರೆಗೆ ಮಾಲೀಸು ಮಾಡುವ ಕ್ರಮವನ್ನು ತೋರಿಸಿದ. ಕೈ ಮೊದಲು ಬಿಸಿಯಾಗಬೇಕು. ನೋವಿರುವ ಜಾಗಕ್ಕೆ ನೇರ ಕೈ ಹಾಕಬಾರದು. ದೂರದಿಂದ, ಕುತ್ತಿಗೆಯಿಂದ, ಅಪ್ಪಣೆ ಕೇಳುತ್ತ ಬರಬೇಕು. ಚರ್ಮ ನಡುಗಿದಲ್ಲಿ ಕೈ ನಿಲ್ಲಿಸಿ, ಎತ್ತದೆ, ಸುಮ್ಮನೆ ಇಟ್ಟಿರಬೇಕು. ಕಾಂತು ಎರಡು ಸಲ ಉಜ್ಜುವಷ್ಟರಲ್ಲಿ ಮುದುಕ ಅವನ ಮುಂಗೈಗೆ ಪಟ್ಟನೆ ಹೊಡೆದ.

"ಬ್ಯಾರೆ ಯಾರನೋ ಬಡಿಯಾಕತ್ತೀ ನೀ. ಅವರನ ಮನ್ಯಾಗ ಬಿಟ್ಟ ಬಾ."

ಅದು ಸುಲಭದ ಕೆಲಸವಾಗಿರಲಿಲ್ಲ. ಕಾಂತುವಿನ ಮೈಯಲ್ಲಿ ಯಾವಾಗಲೂ ಏನೋ ಒಂದು ಓಡುತ್ತಲೇ ಇರುತ್ತಿತ್ತು. ಆದರೆ ಎದೆಮಟ್ಟದ ನೀರಿನಲ್ಲಿ ನಿಂತು, ಸೀರೆಯ ತೊಟ್ಟಿಲಿನಲ್ಲಿ ಚಿಗರಿಯನ್ನು ತೇಲಿಸಿ ಹಿಡಿದಾಗ, ಅವನು ಅಲುಗಾಡಿದರೆ ಅವಳು ಗಾಬರಿಯಾಗುತ್ತಿದ್ದಳು, ಅವನು ನಿಂತರೆ ಅವಳೂ ತಣ್ಣಗಾಗುತ್ತಿದ್ದಳು. ಹಾಗಾಗಿ ನಿಲ್ಲುವುದನ್ನು ಕಲಿಯಬೇಕಾಯಿತು. ಒಂದು ದಿನ, ಎರಡು ದಿನ, ಮುಂಗಾಲು ಮಾತ್ರ ನೀರು ಬಡಿದವು. ಮೂರನೆಯ ದಿನ ಬಲಗಡೆಯ ಹಿಂಗಾಲು ನೀರೊಳಗೆ ಒಮ್ಮೆ ಝಾಡಿಸಿತು. ಮತ್ತೊಮ್ಮೆ ಝಾಡಿಸಿತು. ಮೇಲೆ ಬಾವಿಯ ಅಂಚಿನಲ್ಲಿ ಕೂತಿದ್ದ ಮುದುಕನಿಗೆ ಹೇಳಲು ಬಾಯಿ ತೆರೆದವನು, ಅವಳು ಬೆದರಿಯಾಳೆಂದು ಹಾಗೇ ಮುಚ್ಚಿಕೊಂಡ.

ಅಮಾವಾಸ್ಯೆಯ ಹಿಂದಿನ ದಿನ ಚಿಗರಿ ಸೀರೆಯ ಆಸರೆಯಿಲ್ಲದೆ ನಾಲ್ಕು ಹೆಜ್ಜೆ ನಡೆದು ಕೂತಳು. ರೇವವ್ವ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಆತು ನಿಂತು ನೋಡಿದಳು. ನಿಮ್ಮಪ್ಪ ಬರಲಿ ಎಂದಳು. ಆ ಮಾತಿನಲ್ಲಿ ಆಸೆಯೂ ಇತ್ತು, ಅಂಜಿಕೆಯೂ ಇತ್ತು.

ಅಮಾವಾಸ್ಯೆಯ ಬೆಳಿಗ್ಗೆ ಅಮಸಿದ್ದನ ಅಂಗಳಕ್ಕೆ ಪದ್ಧತಿಯ ಪ್ರಕಾರ ಮಂದಿ ಬಂದಿದ್ದರು. ಮಸೂತಿಯವನೊಬ್ಬ ಹೆಗಲು ಬಿದ್ದ ಎತ್ತು ಹಿಡಿದು ನಿಂತಿದ್ದ. ಓಣಿಯ ಸಿದ್ದವ್ವ ಕುಂಟು ಆಡು ತಂದಿದ್ದಳು. ಸುಮ್ಮನೆ ನೋಡಲು ಬಂದವರು ಏಳೆಂಟು ಮಂದಿ. ಕುಳ್ಳಿನ ಬೆಂಕಿಯಲ್ಲಿ ಮೂರು ಕಬ್ಬಿಣ ಮಲಗಿದ್ದವು, ತುದಿ ಆಗಲೇ ಕೆಂಪಾಗಿತ್ತು. ಅಮಸಿದ್ದ ರುಮಾಲು ಬಿಗಿದುಕೊಂಡು, ಮೊದಲು ಮನೆಯದು, ಆಮೇಲೆ ಊರಿನದು, ಚಿಗರಿಯನ್ನು ತಗೊಂಡು ಬಾ ಎಂದ.

ಕಾಂತು ಅವಳನ್ನು ಎತ್ತಿಕೊಳ್ಳಲಿಲ್ಲ. ಸೀರೆ ಸಡಿಲವಾಗಿ ಹಿಡಿದು ಬಾಗಿಲ ತನಕ ಬಂದು, ಅಲ್ಲಿ ಕೈ ಬಿಟ್ಟ. ಅವಳು ಹೊಯ್ದಾಡಿದಳು, ನಿಂತಳು, ನಡೆದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕುಂಡೆಯೂರಿ ಕೂತಳು. ಅಂಗಳದಲ್ಲಿ ಗುಜುಗುಜು ಎದ್ದಿತು. ಬಿದ್ದ ನಾಯಿ ಎದ್ದದ್ದನ್ನು ಎಲ್ಲರೂ ಕಂಡರು, ಅಮಸಿದ್ದನೂ ಕಂಡ. ಒಂದು ಗಳಿಗೆ ಅವನ ಮುಖ ಅರಳಿತು. ಆಮೇಲೆ, ನಾಲ್ಕು ಹೆಜ್ಜೆಯ ನಾಯಿ ತೋಳದ ಹಿಂದೆ ಓಡುತ್ತದೇನು, ಇನ್ನು ಉಳಿದದ್ದನ್ನು ಬರೆ ಮಾಡುತ್ತದೆ ಎಂದು ಬೆಂಕಿಯ ಕಡೆ ತಿರುಗಿದ.

ಬೆಂಕಿಯ ವಾಸನೆ ಚಿಗರಿಯ ಮೂಗಿಗೆ ಬಡಿಯಿತು. ಅವಳು ಅಲುಗಲಿಲ್ಲ. ಕಿವಿಗಳು ಹಿಂದಕ್ಕೆ ಸರಿದು ತಲೆಗೆ ಅಂಟಿದವು. ತುಟಿ ನೆಕ್ಕಿಕೊಂಡಳು, ಮತ್ತೊಮ್ಮೆ ನೆಕ್ಕಿಕೊಂಡಳು. ಕಣ್ಣನ್ನು ಗೋಡೆಯ ಕಡೆ ತಿರುಗಿಸಿದಳು.

"ನೋಡ್ರಿ, ಹೆಂಗ ಕುಂತೈತಿ" ಎಂದ ಅಮಸಿದ್ದ ಹೆಮ್ಮೆಯಿಂದ, ಮಂದಿಯ ಕಡೆ ತಿರುಗಿ. "ಅಂಜಿಕಿ ಅಂಬೂದ ಇಲ್ಲ ಇದಕ್ಕ."

ಕಾಂತು ಬಗ್ಗಿ ಅವಳ ಹೊಟ್ಟೆಯ ಕೆಳಗೆ ಸೀರೆ ಹಾಯಿಸಿದ. "ಬ್ಯಾಡ ಯಪ್ಪಾ. ಆಕಿಗೆ ಬ್ಯಾನಿ ಆಗತೈತಿ."

ಯಾರೋ ನಕ್ಕರು. ಮಸೂತಿಯ ಎತ್ತಿನವನು ಕೈಯಲ್ಲಿದ್ದ ಹಗ್ಗವನ್ನು ನೋಡಿಕೊಂಡ. ಅಪ್ಪ ಮಗನಲ್ಲಿ ಯಾರನ್ನು ನಂಬಬೇಕೋ ತಿಳಿಯದ ಹಾಗೆ ಎತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ಜಗ್ಗಿದ. ಅಮಸಿದ್ದ ಅದನ್ನು ನೋಡಿದ. ಮೂರು ತಲೆಮಾರಿನ ಅಂಗಳದಿಂದ ಒಂದು ಪ್ರಾಣಿ ಹಿಂದೆ ಸರಿದದ್ದನ್ನು ಅವನು ಅದೇ ಮೊದಲು ನೋಡಿದ್ದು. ಮಾತು ಕಮ್ಮಿಯ ಮನುಷ್ಯನಿಗೆ ಅವತ್ತು ಮಾತು ಬಂತು.

"ಏಳ ವರ್ಷದಾಂವ ಇದ್ದಿ ನೀ. ಕಾಮಾಲಿ ಆಗಿ ಸಾಯಾಕ ಬಿದ್ದಿದ್ದಿ. ಈ ಕೈಲೆ ಹಾಕೇನಿ ನಿನಗ ಬರಿ. ಹೂಂ ಅನ್ಲಿಲ್ಲ, ಹಾಂ ಅನ್ಲಿಲ್ಲ, ಗುಂಡಗಲ್ಲಿನಂಗ ಕುಂತಿದ್ದಿ. ಇಂವ ನನ್ನ ಮಗಾ ಅಂತ ಓಣಿಗೆಲ್ಲಾ ಬೆಲ್ಲಾ ಹಂಚೇನಿ. ಇವತ್ತ ಒಂದ ನಾಯಿ ಸಲುವಾಗಿ ಬ್ಯಾನಿ ಬ್ಯಾನಿ ಅಂತ ಅಳಾಕತ್ತಿ, ಇಷ್ಟ ಮಂದಿ ಮುಂದ. ನಾಚಿಕಿ ಬರೂದಿಲ್ಲೇನೋ?" ಕಬ್ಬಿಣವನ್ನು ಬೆಂಕಿಯಿಂದ ಎಳೆದು ಮಗನ ಕಡೆ ತೋರಿಸಿದ. "ಅವತ್ತ ನಿನಗ ಬ್ಯಾನಿ ಆಗಿತ್ತೇನು? ಹೇಳು ಎಲ್ಲಾರಿಗೂ."

ಬಾಗಿಲಲ್ಲಿ ರೇವವ್ವ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಕಬ್ಬಿಣದ ತುದಿ ಕೆಂಪಿನಿಂದ ಕಪ್ಪಿಗೆ ಇಳಿಯುತ್ತಿತ್ತು. ಅಮಸಿದ್ದ ಮಗನ ಮಣಿಕಟ್ಟನ್ನು ನೋಡಿದ, ಆ ಮಿರುಗುವ ಹುಣಸೆಬೀಜವನ್ನು. ಅದನ್ನು ತಾನೇ ಹಾಕಿದ್ದೆಂಬುದು ಈಗಷ್ಟೇ ಗೊತ್ತಾದವನ ಹಾಗೆ ನೋಡಿದ. ಎರಡನೆಯ ಸಲ ಕೇಳಿದಾಗ ದನಿ ಇಳಿದಿತ್ತು, ಮಂದಿಗೆ ಕೇಳಿಸಲಿಲ್ಲ.

"ಆಗಿತ್ತೇನೋ?"

ಆಗಿತ್ತು ಎಂಬ ಹದಿನಾಲ್ಕು ವರ್ಷದ ಉತ್ತರವನ್ನು ಕಾಂತು ಒದರಿದ್ದರೆ ಮೂರು ಓಣಿಗೆ ಕೇಳುತ್ತಿತ್ತು. ಅವನು ಸೀರೆಯ ಎರಡೂ ತುದಿಗಳನ್ನು ಒಂದೇ ಕೈಗೆ ತೆಗೆದುಕೊಂಡು ಚಿಗರಿಯನ್ನು ಎಬ್ಬಿಸಿದ. ಬೆಂಕಿಗೆ ಬೆನ್ನು ಮಾಡಿ ಹೊರಟ.

ಅವನ ಕಾಲು ಓಡಲು ಹವಣಿಸುತ್ತಿದ್ದವು. ಆದರೆ ನಡಿಗೆ ಅವಳದಾಗಿತ್ತು. ನಾಲ್ಕು ಹೆಜ್ಜೆ ನಡೆದು ಅವಳು ನಿಂತಳು. ಅವನೂ ನಿಂತ, ಮಂದಿಯ ಕಣ್ಣೆಲ್ಲ ಬೆನ್ನ ಮೇಲಿದ್ದರೂ. ಅವಳ ಕಿವಿ ನೋಡಿದ. ಅವು ಮೆಲ್ಲಗೆ ಮುಂದಕ್ಕೆ ಬರುವ ತನಕ ಕಾಯ್ದ. ಆಮೇಲೆ ಇನ್ನು ನಾಲ್ಕು. ಉಗುರು ಕಲ್ಲಿಗೆ ಉಜ್ಜಿ ಸರಕ್, ಸರಕ್ ಎನ್ನುತ್ತಿತ್ತು. ಹಾಗೆ ನಿಲ್ಲುತ್ತ, ನಡೆಯುತ್ತ, ಅವರಿಬ್ಬರೂ ಅಂಗಳ ದಾಟಿ ನಿಂಬೆ ತೋಟದ ಹಾದಿ ಹಿಡಿದರು. ಅವನು ಹಿಂದಿರುಗಿ ನೋಡಲಿಲ್ಲ.